ಲಂಟಾನ, ಕುಣಿಯುವ ಕಪ್ಪೆ ಮತ್ತು ‘ಹೊರಗಿನವರು’

2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಮೀಟ್‌ಪ್ಯಾಕಿಂಗ್ ಬಡಾವಣೆಯ ಬೀದಿಗಳಲ್ಲಿ ನಿಜಗಾತ್ರದ ಆನೆಗಳ ಹಿಂಡೊಂದು ಬಂದು ನಿಂತಿತ್ತು. ಅದಕ್ಕೆ ಮೂರು ವರ್ಷ ಮೊದಲು ಅಂಥದ್ದೇ ಹಿಂಡು ಲಂಡನ್ನಿನ ಗ್ರೀನ್ ಪಾರ್ಕಿನ ಹುಲ್ಲಿನ ಮೇಲೆ ಕಾಣಿಸಿಕೊಂಡಿತ್ತು. ಮನುಷ್ಯರು ಮತ್ತು ವನ್ಯಜೀವಿಗಳ ಸಹಬಾಳ್ವೆಯ ಸಂದೇಶ ಹೊತ್ತು ದೇಶದೇಶ ತಿರುಗಿದ ಈ ಆನೆಗಳನ್ನು ಹೆಣೆದವರು ನೀಲಗಿರಿಯ ಗೂಡಲೂರು ಸುತ್ತಿನ ಆದಿವಾಸಿ ಕುಶಲಕರ್ಮಿಗಳು. ಹೆಣೆಯಲು ಬಳಸಿದ್ದು ಲಂಟಾನದ ಕಡ್ಡಿ. ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ಯಾರಿಗೂ ಈ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗಳು, ಎಲೆ ಉಜ್ಜಿದರೆ ಕೈಗೆ ಹತ್ತುವ ಕಟು ವಾಸನೆ, ಮೊಣಕೈ ತರಚುವ ಮುಳ್ಳು, ಹಕ್ಕಿಗಳ ಬಾಯಿಗೆ ಬೀಳುವ ಕಪ್ಪು ಹಣ್ಣು. ಕೆಲವೆಡೆ ಚದುರಂಗಿ, ಕೆಲವೆಡೆ ರೋಜಿ, ಉಳಿದೆಡೆ ಬರೀ ಬೇಲಿಗಿಡ. ಹೊಲದ ಅಂಚಿನಲ್ಲಿ ಯಾರೂ ನೆಡದೆ ಬೆಳೆದ ಗಿಡವೊಂದು ಅಟ್ಲಾಂಟಿಕ್ ದಾಟಿ ಮರಳಿ ಅಮೆರಿಕ ಖಂಡಕ್ಕೇ ಹೋಗಿ ನಿಂತದ್ದರಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಅದರ ಮೂಲವಿರುವುದು ಆ ಖಂಡದ ಉಷ್ಣವಲಯದಲ್ಲೇ.

ಅದೇ ಸಹ್ಯಾದ್ರಿಯ ಸಾಲಿನಲ್ಲಿ ಉತ್ತರಕ್ಕೆ ಸಾಗಿದರೆ, ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯ ಮೇಲೆ ಕೊಟ್ಟಿಗೆಹಾರ ಸಿಗುತ್ತದೆ. ಮಂಗಳೂರು ಕಡೆಗೆ ಹೋಗುವ ಬಸ್ಸುಗಳು ಘಟ್ಟ ಇಳಿಯುವ ಮುನ್ನ ನಿಲ್ಲುವ ಸಣ್ಣ ಊರು. ತೇಜಸ್ವಿ ಬದುಕಿ ಬರೆದ ಸೀಮೆ ಎಂಬ ಕಾರಣಕ್ಕೆ ಕನ್ನಡ ಓದುಗರಿಗೆ ಅದು ಆಪ್ತ. ಈ ಊರಿನ ಹೆಸರನ್ನು ಲ್ಯಾಟಿನ್ನಿನಲ್ಲಿ ಹೊತ್ತು ತಿರುಗುವ ಜೀವಿಯೊಂದಿದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಅಂದರೆ ಕೊಟ್ಟಿಗೆಹಾರದ ಕುಣಿಯುವ ಕಪ್ಪೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಒದ್ದೆ ಬಂಡೆಯ ಬಣ್ಣ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2004ರಲ್ಲಿ ಇದನ್ನು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿತು. ಇದರ ಮೂರ್ತಿ ಮಾಡಿ ಯಾವ ನಗರದ ಬೀದಿಯಲ್ಲೂ ಯಾರೂ ನಿಲ್ಲಿಸಿಲ್ಲ. ನಿಲ್ಲಿಸಿದರೂ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ.

ಒಂದು ಎಲ್ಲೆಲ್ಲೂ ಇರುವ ಹೂಗಿಡ, ಇನ್ನೊಂದು ಕೆಲವೇ ತೊರೆಗಳಲ್ಲಿ ಉಳಿದ ಕಪ್ಪೆ. ಇವೆರಡನ್ನೂ ಒಟ್ಟಿಗಿಟ್ಟು ನೋಡುವುದು ಕುತೂಹಲದ ಆಟದಂತೆ ಕಾಣಬಹುದು. ಆದರೆ ಇವುಗಳ ಚರಿತ್ರೆ ಒಂದೇ ಮೇಜಿನ ಮೇಲೆ ಕೂಡಿದ್ದುಂಟು. ಕಪ್ಪೆಯನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್. ಅವರೇ 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಆ ಪತ್ರಿಕೆಯ ಮೊದಲ ಸಂಪುಟದಲ್ಲೇ, 1933ರಲ್ಲಿ, ಲಂಟಾನದ ಸಮಸ್ಯೆಯನ್ನು ಕುರಿತ ಲೇಖನ ಅಚ್ಚಾಯಿತು. ಅಂದರೆ ಒಂಬತ್ತು ದಶಕಗಳ ಹಿಂದೆಯೇ ಗಿಡ ಹೆಚ್ಚಾದದ್ದು ತಲೆನೋವಾಗಿತ್ತು, ಕಪ್ಪೆಗೆ ಆಗಷ್ಟೇ ಹೆಸರು ಸಿಗುವುದರಲ್ಲಿತ್ತು. ನಾರಾಯಣರಾವ್ ವರ್ಣಿಸಿದ ಕಪ್ಪೆಗಳ ಮೂಲ ಮಾದರಿಗಳು ಮುಂದೆ ಕಾಲೇಜಿನ ಸಂಗ್ರಹದಿಂದ ಕಳೆದುಹೋದವು. ನಾಡಿನ ಜೀವಸಂಪತ್ತಿನ ಬಗ್ಗೆ ಆಡುವ ಅಭಿಮಾನದ ಮಾತಿಗೂ ಅದರ ಗಾಜಿನ ಸೀಸೆಗಳನ್ನು ಕಾಪಿಟ್ಟುಕೊಂಡ ರೀತಿಗೂ ಇರುವ ದೂರ ಅಷ್ಟು.

ಲಂಟಾನ ತಾನಾಗಿ ಕಡಲು ದಾಟಿ ಬಂದದ್ದಲ್ಲ. ಡಚ್ಚರು ಅದನ್ನು 17ನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ಅಲ್ಲಿನ ಗಾಜಿನಮನೆಗಳಲ್ಲಿ ತೋಟಗಾರರು ಬೇರೆ ಬೇರೆ ತಳಿಗಳನ್ನು ಕೂಡಿಸಿ ಹೂವಿನ ಬಣ್ಣಗಳನ್ನು ಹೆಚ್ಚಿಸಿದರು. ಹೀಗೆ ಹುಟ್ಟಿದ ಮಿಶ್ರತಳಿಗಳು ಸಾಮ್ರಾಜ್ಯಗಳ ಸಸ್ಯೋದ್ಯಾನಗಳ ಜಾಲದ ಮೂಲಕ ವಸಾಹತುಗಳಿಗೆ ಹಂಚಿಹೋದವು. ಭಾರತಕ್ಕೆ 19ನೇ ಶತಮಾನದ ಮೊದಲ ದಶಕದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಲ್ಕತ್ತೆಯ ಉದ್ಯಾನಕ್ಕೆ ಬಂದಿಳಿದ ಗಿಡ ಬಂಗಲೆಗಳ ಅಂಗಳಕ್ಕೂ ಬೇಲಿಗೂ ಹೋಯಿತು. ಬೇಲಿಯಿಂದ ಹಕ್ಕಿಗಳ ಹೊಟ್ಟೆಯ ಮೂಲಕ ಕಾಡಿಗೆ. ಆಸ್ಟ್ರೇಲಿಯಕ್ಕೂ ದಕ್ಷಿಣ ಆಫ್ರಿಕಕ್ಕೂ ಅದು ಇದೇ ಬಗೆಯಲ್ಲಿ ತಲುಪಿತು. ಇವತ್ತು ಕಾಡು ಮುಚ್ಚಿರುವ ಲಂಟಾನ ಅಮೆರಿಕದ ಯಾವ ಕಾಡಿನಲ್ಲೂ ಅದೇ ರೂಪದಲ್ಲಿ ಇದ್ದದ್ದಲ್ಲ ಎಂಬುದು ಇಲ್ಲಿ ಮುಖ್ಯ. ‘ವಿದೇಶಿ ಗಿಡ’ ಎಂದು ಕರೆಯುವ ಮೊದಲು ಯಾವ ದೇಶದ್ದು ಎಂದು ಕೇಳಿದರೆ ಸರಿಯಾದ ಉತ್ತರ ‘ಸಾಮ್ರಾಜ್ಯದ್ದು’ ಎಂದಾದೀತು.

ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಹುಲಿ ಬದುಕುವ ಕಾಡುಗಳ ಶೇ. 40ಕ್ಕಿಂತ ಹೆಚ್ಚು ಭಾಗಕ್ಕೆ, ಅಂದರೆ ಸುಮಾರು 1,54,000 ಚದರ ಕಿಲೋಮೀಟರಿಗೆ, ಲಂಟಾನದ ಬಾಧೆಯಿದೆ. ಆಸ್ಟ್ರೇಲಿಯದಲ್ಲಿ ಅದು ಸುಮಾರು 40 ಲಕ್ಷ ಹೆಕ್ಟೇರುಗಳಲ್ಲಿ ಹರಡಿ ರಾಷ್ಟ್ರೀಯ ಮಹತ್ವದ ಕಳೆ ಎನ್ನಿಸಿಕೊಂಡಿದೆ. ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೆ ಮತ್ತೆ ಮೇಲೇಳುತ್ತದೆ, ಎಲೆ ತಿಂದ ದನದ ಯಕೃತ್ತು ಕೆಡುತ್ತದೆ. ಎರಡು ಶತಮಾನಗಳಿಂದ ಮೂರು ಖಂಡಗಳ ಸರ್ಕಾರಗಳು ಅದರ ಮೇಲೆ ಹೂಡಿದ ಯುದ್ಧದಲ್ಲಿ ಸೋತದ್ದು ಸರ್ಕಾರಗಳೇ.

ಕಪ್ಪೆಯ ಕತೆಗೆ ಬರುವುದಾದರೆ, ಅದರ ಬದುಕು ಇಂಥ ಯಾವ ಪ್ರಯಾಣವನ್ನೂ ತಾಳಿಕೊಳ್ಳುವಂಥದ್ದಲ್ಲ. ಕುಣಿಯುವ ಕಪ್ಪೆಗಳ ಕುಲ ಇಡೀ ಜಗತ್ತಿನಲ್ಲಿ ಪಶ್ಚಿಮಘಟ್ಟಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ಒಮ್ಮೆಗೇ 14 ಹೊಸ ಪ್ರಭೇದಗಳನ್ನು ವರ್ಣಿಸಿದಾಗ ಕುಲದ ಒಟ್ಟು ಸಂಖ್ಯೆ 24ಕ್ಕೆ ಏರಿತು. ಹೆಚ್ಚಿನವು ಒಂದೆರಡು ಕಣಿವೆಗಳಿಗೆ ಸೀಮಿತ. ಇವುಗಳ ಗಂಡು ತೊರೆಯ ನಡುವಿನ ಒದ್ದೆ ಬಂಡೆಯ ಮೇಲೆ ಕುಳಿತು ಮೊದಲು ಕೂಗುತ್ತದೆ. ಹರಿವ ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವುದರಿಂದ ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳುಗಳ ನಡುವಿನ ಜಾಲಪೊರೆಯನ್ನು ಬಿಚ್ಚಿ, ಬಾವುಟದಂತೆ ಬೀಸುತ್ತದೆ. ಹೆಣ್ಣಿಗೆ ಅದು ಕರೆ, ಪಕ್ಕದ ಬಂಡೆಯ ಗಂಡಿಗೆ ಎಚ್ಚರಿಕೆ. ಜೋಡಿಯಾದ ಮೇಲೆ ಹೆಣ್ಣು ತೊರೆಯ ತಳದ ಮರಳು ಜಲ್ಲಿಯನ್ನು ಹಿಂಗಾಲಿನಿಂದ ಅಗೆದು ಮೊಟ್ಟೆಯಿಟ್ಟು ಮುಚ್ಚುತ್ತದೆ. ಈ ಕುಲದ ಒಂದು ಪ್ರಭೇದದ ಗೊದಮೊಟ್ಟೆಗಳು ಹಾವುಮೀನಿನಂಥ ಮೈ ಹೊತ್ತು ಮರಳಿನ ಒಳಗೇ ಬೆಳೆಯುವುದನ್ನು ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಕೆರೆಯ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು ಹೋಗುವ ಊರ ಕಪ್ಪೆಯ ಸ್ವಾತಂತ್ರ್ಯ ಇದಕ್ಕಿಲ್ಲ. ನೆರಳು ಬೇಕು, ತಂಪು ಬೇಕು, ತೆಳುವಾಗಿ ಸದಾ ಹರಿಯುವ ನೀರು ಬೇಕು, ಹೂಳು ತುಂಬದ ಜಲ್ಲಿಯ ತಳ ಬೇಕು. ಮಳೆಯ ಅಬ್ಬರ ಇಳಿದ ಮೇಲೂ ತೊರೆ ಬತ್ತಬಾರದು.

ಹಾಗಾದರೆ ಲಂಟಾನ ಬಂದದ್ದರಿಂದ ಕಪ್ಪೆ ಹೋಯಿತೆ? ಜನಪ್ರಿಯ ಪರಿಸರ ಬರಹ ಇಂಥ ಕತೆಯನ್ನು ಬಯಸುತ್ತದೆ. ಒಬ್ಬ ದಾಳಿಕೋರ, ಒಬ್ಬ ಬಲಿಪಶು. ವಾಸ್ತವ ಬೇರೆ. ಲಂಟಾನಕ್ಕೆ ಬಿಸಿಲು ಬೇಕು. ಮರಗಳ ನೆತ್ತಿ ಒಂದಕ್ಕೊಂದು ಹೆಣೆದುಕೊಂಡ ನಿತ್ಯಹರಿದ್ವರ್ಣ ಕಾಡಿನ ಕತ್ತಲಲ್ಲಿ ಅದು ಬೇರೂರಲಾರದು. ಕುಣಿಯುವ ಕಪ್ಪೆ ಇರುವುದು ಆ ಕತ್ತಲಿನ ಕೆಳಗೆ. ಇಬ್ಬರೂ ನೇರವಾಗಿ ಭೇಟಿಯಾಗುವ ಪ್ರಸಂಗವೇ ಅಪರೂಪ. ರಸ್ತೆ ಅಗಲಿಸಲು, ವಿದ್ಯುತ್ ಮಾರ್ಗ ಎಳೆಯಲು, ಕಾಲುವೆ ತೋಡಲು, ರೆಸಾರ್ಟಿನ ಕಿಟಕಿಯಿಂದ ಕಣಿವೆ ಕಾಣುವಂತೆ ಮಾಡಲು ಮರಗಳ ನೆತ್ತಿ ಸೀಳಿದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ತೊರೆಗೆ ಬಿಸಿಲು ಬೀಳುತ್ತದೆ, ಮಣ್ಣು ಜಾರಿ ಜಲ್ಲಿಯ ಮೇಲೆ ಹೂಳು ಕೂರುತ್ತದೆ, ಕಪ್ಪೆ ಇಲ್ಲವಾಗುತ್ತದೆ. ಬಿಸಿಲು ಬಿದ್ದ ಅಂಚಿನಲ್ಲಿ ಲಂಟಾನ ಚಿಗುರುತ್ತದೆ. ಗಿಡದ ಹೆಚ್ಚಳಕ್ಕೂ ಕಪ್ಪೆಯ ಅಳಿವಿಗೂ ಕಾರಣವಾದ ಕೊಡಲಿ ಒಂದೇ. ಅದನ್ನು ಬೀಸಿದವರು ದೃಶ್ಯದಿಂದ ಸರಿದ ಮೇಲೆ ಅಲ್ಲಿಗೆ ಬಂದ ವರದಿಗಾರನಿಗೆ ಕಾಣುವುದು ಗಿಡ ಮಾತ್ರ.

‘ಹೊರಗಿನದು’ ಎಂಬ ಪದ ಮಾಡುವ ಕೆಲಸ ಇದೇ. ಅದು ಕೆಲವರನ್ನು ತೋರಿಸಿ ಕೆಲವರನ್ನು ಮರೆಮಾಡುತ್ತದೆ. ಬಾಬಾಬುಡನ್ ಯೆಮೆನ್ನಿನಿಂದ ತಂದರೆಂದು ಪ್ರತೀತಿಯಿರುವ ಕಾಫಿ ಮಲೆನಾಡಿಗೆ ಹೊರಗಿನದೇ. ಘಟ್ಟದ ಕಾಡಿನಲ್ಲಿ ಅದು ಪಡೆದ ಜಾಗ ಸಣ್ಣದಲ್ಲ. ಅದನ್ನು ಆಕ್ರಮಣಕಾರಿ ಎಂದು ಕರೆಯುವವರು ಕಡಿಮೆ. ಕರೆಯಬೇಕೆಂದೂ ಇಲ್ಲ. ತೋಟದ ಹಳೆಯ ಕಾಡುಮರಗಳ ಜಾಗದಲ್ಲಿ ನೆಟ್ಟ ಸಿಲ್ವರ್ ಓಕ್ ಆಸ್ಟ್ರೇಲಿಯದ ಮರ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲು ಸುಲಭ, ಆದ್ದರಿಂದ ಅದೂ ನಮ್ಮದೇ ಎನ್ನಿಸಿಕೊಂಡಿದೆ. ಅರಣ್ಯ ಇಲಾಖೆ ತಾನೇ ಸಾವಿರಾರು ಎಕರೆಗಳಲ್ಲಿ ನೆಟ್ಟ ಅಕೇಶಿಯ, ನೀಲಗಿರಿ ಮರಗಳೂ ಆ ಖಂಡದವೇ. ಲಾಭ ತಂದುಕೊಡುವ ವಲಸೆಗೆ ‘ಅಭಿವೃದ್ಧಿ’ ಎಂಬ ಹೆಸರಿದೆ, ತಂದುಕೊಡದಿದ್ದರೆ ‘ಆಕ್ರಮಣ’.

ಈ ಗೊಂದಲಕ್ಕೆ ಸಿಲುಕದೆ ನೇರವಾಗಿ ಯೋಚಿಸಿದ ಉದಾಹರಣೆ ಕರ್ನಾಟಕದ ಚಳವಳಿಗಳಲ್ಲೇ ಇದೆ. 1980ರ ದಶಕದಲ್ಲಿ ರಾಜ್ಯ ಸರ್ಕಾರ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿತು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಗೋಮಾಳಗಳು ಕಾರ್ಖಾನೆಯ ಕಚ್ಚಾವಸ್ತುವಿನ ತೋಟಗಳಾದವು. 1987ರ ನವೆಂಬರ್‌ನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ, ರೈತರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು ಜನರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. ನೀಲಗಿರಿ ಆಸ್ಟ್ರೇಲಿಯದ್ದು ಎಂಬುದು ಅವರ ತಕರಾರಾಗಿರಲಿಲ್ಲ. ಈ ನೆಲ ಯಾರದು, ಇದರ ಮೇಲೆ ಏನು ಬೆಳೆಯಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. ಮರದ ಜನ್ಮಸ್ಥಳ ಕೇಳದೆ ಮಾಲೀಕನ ಹೆಸರು ಕೇಳಿದ ಆ ವಿವೇಕ ಇವತ್ತಿನ ಪರಿಸರ ಚರ್ಚೆಯಲ್ಲಿ ವಿರಳವಾಗಿದೆ.

ಗಿಡದ ಬಗ್ಗೆ ಆಡುವ ಮಾತು ಗಿಡದ ಬಗ್ಗೆಯೇ ನಿಲ್ಲುತ್ತದೆಂಬ ಖಾತ್ರಿಯೂ ಇಲ್ಲ. 1942ರಲ್ಲಿ, ನಾಜಿ ಆಡಳಿತದಲ್ಲಿ, ಸ್ಯಾಕ್ಸನಿಯ ಸಸ್ಯವಿಜ್ಞಾನಿಗಳ ತಂಡವೊಂದು ಮಧ್ಯ ಏಷ್ಯಾದಿಂದ ಬಂದು ಜರ್ಮನಿಯ ಕಾಡುಗಳಲ್ಲಿ ಹರಡಿದ್ದ ಪುಟ್ಟ ಹಳದಿ ಹೂವಿನ ಗಿಡವೊಂದರ ವಿರುದ್ಧ ನಿರ್ಮೂಲನ ಸಮರ ಸಾರಬೇಕೆಂದು ಕರೆಕೊಟ್ಟಿತು. ಕರ್ಣಕುಂಡಲದ ಕುಲಕ್ಕೆ ಸೇರಿದ, ಯಾರಿಗೂ ಹೆಚ್ಚು ಹಾನಿ ಮಾಡದ ಗಿಡ ಅದು. ಬೊಲ್ಷೆವಿಕ್‌ವಾದದ ವಿರುದ್ಧ ನಡೆದಿದ್ದ ಯುದ್ಧಕ್ಕೆ ಆ ಕಾರ್ಯವನ್ನು ಹೋಲಿಸಲು ಅವರಿಗೆ ಸಂಕೋಚವಾಗಲಿಲ್ಲ. ಯಾವ ಹೂವು ‘ನೆಲದ್ದು’ ಎಂದು ನಿರ್ಧರಿಸುತ್ತಿದ್ದ ಅದೇ ಹೊತ್ತಿನಲ್ಲಿ ಯಾವ ಮನುಷ್ಯರು ನೆಲದವರು ಎಂಬ ನಿರ್ಧಾರವೂ ನಡೆಯುತ್ತಿತ್ತು, ರೈಲುಗಳು ಪೂರ್ವಕ್ಕೆ ಹೊರಡುತ್ತಿದ್ದವು. ಅಂದಿನಿಂದ ಇಂದಿಗೆ ರೂಪಕಗಳು ಹೆಚ್ಚು ಬದಲಾಗಿಲ್ಲ. 2018ರಲ್ಲಿ, ಆಗಿನ ಬಿಜೆಪಿ ಅಧ್ಯಕ್ಷ ಅಮಿತ್ ಶಾ ಅಕ್ರಮ ವಲಸಿಗರನ್ನು ಗೆದ್ದಲಿಗೆ ಹೋಲಿಸಿದರು. 2023ರಲ್ಲಿ ಡೊನಾಲ್ಡ್ ಟ್ರಂಪ್ ವಲಸಿಗರು ದೇಶದ ರಕ್ತಕ್ಕೆ ವಿಷ ಬೆರೆಸುತ್ತಿದ್ದಾರೆಂದರು. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡನೆಯ ಮಾತು ಚುಚ್ಚಿದಷ್ಟು ಮೊದಲನೆಯದು ಚುಚ್ಚಲಿಲ್ಲ. ಅನಿವಾಸಿ ಸಮುದಾಯದ ಆತ್ಮಪರೀಕ್ಷೆ ಆರಂಭವಾಗಬೇಕಾದ ಜಾಗ ಇದು.

ಇಷ್ಟು ಹೇಳಿದ ಮೇಲೆ ಪ್ರಗತಿಪರರ ವಲಯದಲ್ಲೇ, ಅದರಲ್ಲೂ ವಿಶ್ವವಿದ್ಯಾಲಯಗಳ ಗೋಡೆಯೊಳಗೆ, ಈಚೆಗೆ ರೂಢಿಗೆ ಬಂದಿರುವ ಇನ್ನೊಂದು ಸುಲಭದ ವಾದವನ್ನೂ ಒರೆಗೆ ಹಚ್ಚಬೇಕು. ‘ಆಕ್ರಮಣಕಾರಿ ಪ್ರಭೇದ’ ಎಂಬ ಪರಿಕಲ್ಪನೆಯೇ ಪರದ್ವೇಷದ ಕೂಸು, ಲಂಟಾನವನ್ನು ಕೀಳುವುದು ವಲಸಿಗರನ್ನು ಹೊರಹಾಕುವ ಮನೋಧರ್ಮದ ಇನ್ನೊಂದು ರೂಪ ಎಂದು ವಾದಿಸುವವರಿದ್ದಾರೆ. ಕೇಳಲು ಉದಾರವಾಗಿರುವ ಈ ಮಾತಿನ ಬೆಲೆ ತೆರುವವರು ಮಾತ್ರ ಬೇರೆ. ಗಿಡಕ್ಕೆ ಪೌರತ್ವವೂ ಇಲ್ಲ, ಅದರ ಹಕ್ಕುಚ್ಯುತಿಯೂ ಇಲ್ಲ. ಮೇವು ಕಳೆದುಕೊಂಡ ಕಾಡೆಮ್ಮೆಗೆ, ಮುಳ್ಳಿನ ಪೊದೆಯೊಳಗೆ ನೆಲ್ಲಿಕಾಯಿ ಆಯಲು ನುಗ್ಗಬೇಕಾದ ಹೆಂಗಸಿಗೆ, ಪೊದೆಯ ಮರೆಯಲ್ಲಿ ಆನೆ ನಿಂತಿದೆಯೋ ಇಲ್ಲವೋ ಕಾಣದೆ ದಾರಿ ನಡೆವ ಶಾಲೆಯ ಮಗುವಿಗೆ ಲಂಟಾನ ಒಂದು ರೂಪಕವಾಗಿಲ್ಲ. ಮನುಷ್ಯರ ಮೇಲೆ ಸಸ್ಯಶಾಸ್ತ್ರದ ಪದ ಹೇರುವುದು ಎಷ್ಟು ತಪ್ಪೋ, ಕಾಡಿನ ಸಮಸ್ಯೆಗೆ ಮನುಷ್ಯರ ವಲಸೆಯ ನೀತಿಶಾಸ್ತ್ರ ಹಚ್ಚುವುದೂ ಅಷ್ಟೇ ತಪ್ಪು.

ಈ ವಿಚಾರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತನ್ನು ಕೇಳುವುದು ಉತ್ತಮ. ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗ, ಒಣಗಿದೆಲೆಗೆ ಸಣ್ಣಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ ಅವರ ಕಾಡಿನ ನಿರ್ವಹಣೆಯ ಭಾಗವಾಗಿತ್ತು. ಆ ಬೆಂಕಿ ಮರಗಳನ್ನು ಸುಡದೆ ಮೊಳಕೆಯ ಲಂಟಾನವನ್ನು, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನು ಹದ್ದಿನಲ್ಲಿಡುತ್ತಿತ್ತೆಂಬುದು ಅವರ ವಿವರಣೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಲಂಟಾನ ಏರುತ್ತ ಹೋಯಿತು. 1997ರಿಂದ 2008ರ ನಡುವೆ ಅಲ್ಲಿ ಅದು ಹರಡಿದ ಪ್ರದೇಶ ಸುಮಾರು ಇಮ್ಮಡಿಯಾದದ್ದನ್ನು ಸಂಶೋಧಕರು ಅಳೆದು ದಾಖಲಿಸಿದರು. ಸೋಲಿಗರ ವಿವರಣೆಯನ್ನು ಅವರೊಂದಿಗೆ ಕೂತು ಬರೆದುಕೊಂಡ ವಿದ್ವತ್ಪೂರ್ಣ ಲೇಖನಗಳೂ ಆಮೇಲೆ ಬಂದವು. ಪೊದೆ ಆಳೆತ್ತರ ಬೆಳೆದ ಮೇಲೆ ಅದೇ ಬೆಂಕಿ ಹಚ್ಚುವುದು ಅಪಾಯ, ಕಾಡೇ ಉರಿದೀತು ಎಂಬುದನ್ನೂ ಸೋಲಿಗರೇ ಹೇಳುತ್ತಾರೆ. ತಡವಾಗಿ ಕೇಳಿಸಿಕೊಂಡ ಜ್ಞಾನ ಹಾಗೇ ಬಳಕೆಗೆ ಬರುವುದಿಲ್ಲ.

2011ರ ಜನವರಿಯಲ್ಲಿ ಅದೇ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಸೋಲಿಗ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಾಮುದಾಯಿಕ ಹಕ್ಕುಪತ್ರಗಳು ಸಿಕ್ಕವು. ಹುಲಿಯ ಕಾಡಿನಲ್ಲಿ ಮನುಷ್ಯರ ಹಕ್ಕನ್ನು ಒಪ್ಪಿಕೊಂಡ ಮೊದಲ ಪ್ರಸಂಗಗಳಲ್ಲಿ ಅದೊಂದು. ಕಾಗದದ ಹಕ್ಕಿಗೂ ಕಾಡಿನ ತೀರ್ಮಾನದಲ್ಲಿ ಪಾಲು ಪಡೆಯುವುದಕ್ಕೂ ನಡುವೆ ಇನ್ನೂ ದೊಡ್ಡ ಕಂದಕವಿದೆ. ಲಂಟಾನದ ಆನೆಗಳು ಪರದೇಶದ ಉದ್ಯಾನಗಳಲ್ಲಿ ಮೆಚ್ಚುಗೆ ಗಳಿಸುವುದು, ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕುರ್ಚಿ ಹೆಣೆದು ನಾಲ್ಕು ಕಾಸು ಕಾಣುವುದು ಸಂತೋಷದ ವಿಷಯವೇ. ಆದರೆ ಅದು ಕಾಡಿನ ಲಂಟಾನಕ್ಕೆ ಪರಿಹಾರವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಒಂದೂವರೆ ಲಕ್ಷ ಚದರ ಕಿಲೋಮೀಟರ್ ಪೊದೆಯನ್ನು ಕುರ್ಚಿ ಮಾಡಿ ಮುಗಿಸಲಾಗದು. ಆ ಕಾಡಿನಲ್ಲಿ ಯಾವಾಗ ಕೀಳಬೇಕು, ಎಲ್ಲಿ ಕೀಳಬೇಕು, ಕಿತ್ತ ಜಾಗದಲ್ಲಿ ಏನು ಬರಬೇಕೆಂದು ಹೇಳುವ ಅಧಿಕಾರ ಗ್ರಾಮಸಭೆಗೆ ಸಿಕ್ಕಿದರೆ ಆಗ ಚರ್ಚೆ ಆರಂಭವಾದಂತೆ.

ಕಪ್ಪೆಯ ವಿಷಯದಲ್ಲಿ ಇಂಥ ಗ್ರಾಮಸಭೆಯೂ ಎದುರಿಗಿಲ್ಲ, ಕುರ್ಚಿಯ ವ್ಯಾಪಾರವೂ ಇಲ್ಲ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಸಮೀಕ್ಷೆ 8,000ಕ್ಕೂ ಹೆಚ್ಚು ಉಭಯಚರ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಭೀತಿಯಲ್ಲಿವೆ ಎಂದಿತು. ಬೆನ್ನುಮೂಳೆಯ ಪ್ರಾಣಿಗಳಲ್ಲಿ ಇಷ್ಟು ಸಂಕಟದಲ್ಲಿರುವ ವರ್ಗ ಮತ್ತೊಂದಿಲ್ಲ. ಪಶ್ಚಿಮಘಟ್ಟಗಳು ಆ ಸಂಕಟದ ಕೇಂದ್ರಗಳಲ್ಲೊಂದು. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಪರಿಸರಸೂಕ್ಷ್ಮವೆಂದು ಗುರುತಿಸಿ, ಎಲ್ಲಿ ಏನು ಬೇಕು ಬೇಡವೆಂಬುದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದಿತು. ಆ ವರದಿ ಪಕ್ಕಕ್ಕೆ ಸರಿದು 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಅದರ ಆಧಾರದ ಮೇಲೆ ಹೊರಟ ಆರನೆಯ ಕರಡು ಅಧಿಸೂಚನೆಯ ದಿನಾಂಕ 2024ರ ಜುಲೈ 31. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೆಸರಿನಲ್ಲಿ ಹೂತುಹೋದ ಮರುದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಹಿಂದಿನ ಸರ್ಕಾರಗಳೂ, ಪಕ್ಷ ಯಾವುದೇ ಇರಲಿ, ಮಾಡಿದ್ದು ಅದನ್ನೇ.

ತಿರಸ್ಕಾರಕ್ಕೆ ಮುಂದಿಟ್ಟ ಕಾರಣ ಮಲೆನಾಡಿನ ಬಡವರ ಬದುಕು. ಎರಡು ಎಕರೆ ಅಡಿಕೆಯವನ, ಬಗರ್‌ಹುಕುಂ ಅರ್ಜಿ ಹಿಡಿದು ಕಾದವನ ಆತಂಕ ನಿಜವಾದದ್ದು. ಅರಣ್ಯ ಇಲಾಖೆಯ ಕೈಯಲ್ಲಿ ಅವನು ಪಟ್ಟ ಪಾಡು ಆ ಆತಂಕಕ್ಕೆ ಸಾಕ್ಷಿ. ಅಧಿಸೂಚನೆ ಅವನ ಭಾಷೆಯಲ್ಲಿ, ಅವನ ಊರಿನಲ್ಲಿ, ಅವನ ಎದುರಿಗೆ ಕೂತು ಚರ್ಚೆಗೆ ಬರಲಿಲ್ಲ. ವದಂತಿ ಮಾತ್ರ ಮನೆಮನೆಗೆ ತಲುಪಿತು. ಆದರೆ ಕರಡು ನಿಷೇಧಿಸಲು ಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೈಗಾರಿಕೆ, ದೊಡ್ಡ ನಿರ್ಮಾಣಗಳನ್ನು. ಇವು ಯಾವುವೂ ಎರಡು ಎಕರೆಯವನ ಕಸುಬಲ್ಲ. ಅವನನ್ನು ಮುಂದೆ ನಿಲ್ಲಿಸಿ ಹಿಂದೆ ಮಾತಾಡುತ್ತಿರುವವರು ಯಾರು ಎಂದು ಕೇಳುವ ಪತ್ರಿಕೆಗಳು ಕಡಿಮೆ. ಇದೇ ಸರ್ಕಾರಗಳಿಗೆ ಸಕಲೇಶಪುರದ ಕಾಡಿನಲ್ಲಿ ಎತ್ತಿನಹೊಳೆಯ ಕೊಳವೆ ಹೂಳುವಾಗ, ಸಿಂಗಳೀಕಗಳ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸುವಾಗ ಮಲೆನಾಡಿನವರ ಬದುಕಿನ ನೆನಪು ಇಷ್ಟು ತೀವ್ರವಾಗಿ ಬರುವುದಿಲ್ಲ.

ಅನಿವಾಸಿ ಕನ್ನಡಿಗರಿಗೆ ಈ ವಿಷಯದಲ್ಲಿ ದೂರದ ಪ್ರೇಕ್ಷಕರ ಪಾತ್ರ ಸಾಲದು, ಏಕೆಂದರೆ ಅವರ ಹಣ ಅಲ್ಲಿದೆ. ಡಾಲರು, ದಿರ್ಹಮು, ಪೌಂಡುಗಳ ಉಳಿತಾಯ ಮಲೆನಾಡಿನ ತೋಟ, ನಿವೇಶನ, ಹೋಂಸ್ಟೇಗಳಲ್ಲಿ ಬಂಡವಾಳವಾಗಿದೆ. ನಿವೃತ್ತಿಯ ಕನಸಿನ ಮನೆಗೆ ಕಣಿವೆಯ ನೋಟ ಬೇಕು, ಅಂಗಳದವರೆಗೆ ಕಾರು ಬರುವ ರಸ್ತೆ ಬೇಕು, ಮಗ್ಗುಲಲ್ಲಿ ಹರಿವ ತೊರೆಗೆ ಒಂದು ಪುಟ್ಟ ಕಟ್ಟೆ ಕಟ್ಟಿ ಈಜುಕೊಳ ಮಾಡಿದರೆ ಅತಿಥಿಗಳಿಗೂ ಸಂತೋಷ. ಆ ಕಟ್ಟೆಯ ಕೆಳಗಿನ ಜಲ್ಲಿಯಲ್ಲಿ ಯಾರ ಮೊಟ್ಟೆಗಳಿದ್ದವೆಂದು ನೋಂದಣಿ ಕಚೇರಿಯ ಪತ್ರದಲ್ಲಿ ಬರೆದಿರುವುದಿಲ್ಲ.

ಆ ತೋಟಗಳಲ್ಲಿ ಇಂದು ಕಾಫಿ ಕೊಯ್ಯುವವರಲ್ಲಿ ಅಸ್ಸಾಂ, ಬಂಗಾಳಗಳಿಂದ ಬಂದ ಕೂಲಿಗಳೂ ಇದ್ದಾರೆ. ಊರಿನ ಯುವಕರು ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೋದ ಮೇಲೆ ಖಾಲಿಯಾದ ಲೈನ್‌ಮನೆಗಳಿಗೆ ಬಂದವರು ಅವರು. ಬಾಂಗ್ಲಾದವರಿರಬೇಕು ಎಂಬ ಗುಮಾನಿಯಲ್ಲಿ ಅವರ ಗುರುತಿನ ಚೀಟಿ ಕೇಳುವ, ವಿಡಿಯೊ ಮಾಡಿ ಹರಿಯಬಿಡುವ ಸ್ವಯಂಘೋಷಿತ ಕಾವಲುಗಾರರು ಮಲೆನಾಡಿನಲ್ಲೂ ಕೊಡಗಿನಲ್ಲೂ ಹುಟ್ಟಿಕೊಂಡಿದ್ದಾರೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತಾರು ವರ್ಷ ನಿಂತ, ಕೊಲ್ಲಿ ದೇಶದಲ್ಲಿ ಪ್ರಾಯೋಜಕನ ಮರ್ಜಿಗೆ ಪಾಸ್‌ಪೋರ್ಟ್ ಒಪ್ಪಿಸಿದ ಕನ್ನಡಿಗನಿಗೆ ಆ ಕೂಲಿಯ ಮುಖದಲ್ಲಿ ತನ್ನ ಮುಖ ಕಾಣಬೇಕಿತ್ತು. ಹಲವರಿಗೆ ಕಾಣುವುದಿಲ್ಲ. ಅದೇ ವಿಡಿಯೊ ಅವರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಚಿಹ್ನೆಗಳೊಂದಿಗೆ ಮುಂದಕ್ಕೆ ಹೋಗುತ್ತದೆ. ‘ನಮ್ಮ ಕಾಡು, ನಮ್ಮ ಕಪ್ಪೆ’ ಎಂಬ ಅಭಿಮಾನದ ಪೋಸ್ಟರು ಕೂಡ ಅದೇ ಗುಂಪಿನಲ್ಲಿ ಇರುತ್ತದೆ.

ಕೊಟ್ಟಿಗೆಹಾರದ ಕಪ್ಪೆಗೆ ಈ ಅಭಿಮಾನದಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ತೊರೆಯ ಎರಡೂ ದಡಗಳಲ್ಲಿ ಕಡಿಯದೆ ಬಿಟ್ಟ ಹಳೆಯ ಮರಗಳು, ತೋಟದ ವಿಷದ ಸಿಂಪಡಣೆ ನೀರಿಗೆ ಇಳಿಯದಂತೆ ಉಳಿಸಿದ ಒಂದಿಷ್ಟು ಅಂತರ, ಬೇಸಿಗೆಯಲ್ಲಿ ಪಂಪಿಗೆ ಬಲಿಯಾಗದ ಹರಿವು. ಇವನ್ನು ತೋಟದ ಮಾಲೀಕ ನಾಳೆಯೇ ಮಾಡಬಹುದು, ಆತ ಮೂಡಿಗೆರೆಯಲ್ಲಿರಲಿ, ಮೆಲ್ಬರ್ನಿನಲ್ಲಿರಲಿ. ಕರಡು ಅಧಿಸೂಚನೆಯನ್ನು ಕನ್ನಡದಲ್ಲಿ ಗ್ರಾಮಸಭೆಗಳ ಮುಂದಿಡಬೇಕೆಂದು ಸರ್ಕಾರವನ್ನು ಕೇಳುವುದಕ್ಕೆ ಕನ್ನಡ ಕೂಟಗಳಿಗೆ ವೀಸಾದ ಅಡ್ಡಿಯಿಲ್ಲ; ಸಚಿವರು ಅಮೆರಿಕ, ದುಬೈ, ಲಂಡನ್ನಿನ ಸಮ್ಮೇಳನಗಳಿಗೆ ಬಂದಾಗ ಹೂಗುಚ್ಛ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಅದೇ ವೇದಿಕೆಯಲ್ಲಿ, ಬಂಡವಾಳ ಹೂಡಿಕೆಯ ಭಾಷಣ ಮುಗಿದ ಮೇಲೆ, ಪ್ರಶ್ನೆಗಳಿಗೆ ಅವಕಾಶವಿರುತ್ತದೆ.